ಹಗುರವಾದ ಗಾಳದ ಕೋಲು: ತಕ್ಕಡಿಯ ತೂಕ ಮತ್ತು ಕೈಯ ತೂಕ

ವಿನೋದಕ್ಕಾಗಿ ಮೀನು ಹಿಡಿಯುವ ಕೋಲಿನ ತೂಕವನ್ನು ಕುರಿತು ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಚರ್ಚಿಸುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿರುವುದನ್ನೂ, ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸನ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವು ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾದುದನ್ನೂ ಬಲ್ಲವರಿಗೆ ಈ ವಿಷಯವು ತೀರ ಪರಕೀಯವೆನಿಸಲಾರದು. ಆದರೂ ಪ್ರಕೃತ ಲೇಖನದ ಮುಖ್ಯ ಸಾಮಗ್ರಿಯು ಇಂಗ್ಲೆಂಡು, ಸ್ಕಾಟ್ಲೆಂಡು, ಅಮೆರಿಕಗಳಿಗೆ ಸೇರಿದುದು. ನಾವಿಲ್ಲಿ ವಿಚಾರಿಸಹೊರಟಿರುವ ಫ್ಲೈ ಕೋಲು ಬೆಳೆದುದು ಆ ದೇಶಗಳ ಟ್ರೌಟ್ ಮೀನಿನ ಹೊಳೆಗಳ ದಡದಲ್ಲಿ.

ಹಳೆಯ ಫ್ಲೈ ಕೋಲುಗಳ ವಿಷಯದಲ್ಲಿ ವ್ಯಾಪಾರಿಗಳ ಬೆಲೆಪಟ್ಟಿಗಳಲ್ಲಾಗಲಿ ಹರಾಜಿನ ಪಟ್ಟಿಗಳಲ್ಲಾಗಲಿ ಸಾಮಾನ್ಯವಾಗಿ ಎರಡು ಅಂಕಿಗಳು ಕಾಣಸಿಗುತ್ತವೆ: ಉದ್ದ ಇಷ್ಟು ಅಡಿ, ತೂಕ ಇಷ್ಟು ಔನ್ಸು. ಈ ಅಂಕಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಕೋಲು ಮೊದಲು ಭಾರವಾಗಿತ್ತು, ಕ್ರಮೇಣ ಹಗುರವಾಯಿತು, ಈಗ ಅತ್ಯಂತ ಹಗುರವಾಗಿದೆ ಎಂಬ ಸರಳವಾದ ಪ್ರಗತಿಯ ಕಥೆಯೊಂದನ್ನು ಹೇಳುವುದು ರೂಢಿಯಾಗಿದೆ. ಈ ಕಥೆಯು ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಔನ್ಸಿನ ಅಂಕಿಯು ಅಷ್ಟು ದೊಡ್ಡ ಕಟ್ಟಡವನ್ನು ಹೊರಲಾರದೆಂಬುದು ನಮ್ಮ ಅಭಿಪ್ರಾಯ. ಬೇರೆ ಬೇರೆ ಕಾಲದ ಬೇಟೆಗಾರರು ‘ಹಗುರ’ವೆಂದಾಗ ಬೇರೆ ಬೇರೆ ಗುಣಗಳನ್ನು ಉದ್ದೇಶಿಸುತ್ತಿದ್ದರು, ಅವುಗಳಲ್ಲಿ ಒಂದು ಮಾತ್ರ ತಕ್ಕಡಿಗೆ ಸಿಕ್ಕುವಂಥದು, ಅದೇ ಎಲ್ಲಕ್ಕಿಂತ ಕಡಮೆ ಪ್ರಯೋಜನದ್ದು.

ಮೊದಲು ಈ ಕೋಲಿನ ಕೆಲಸವನ್ನು ತಿಳಿಯುವುದು ಅವಶ್ಯಕ. ನಮ್ಮ ಕೆರೆಕಟ್ಟೆಗಳ ಮೇಲೆ ಗಾಳ ಹಾಕುವವರು ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ, ಅದರ ಭಾರದಿಂದಲೇ ದಾರವನ್ನು ನೀರಿಗೆ ಎಸೆಯುತ್ತಾರೆ. ಫ್ಲೈ ಎಂಬುದಾದರೋ ಗರಿ, ರೋಮ, ರೇಷ್ಮೆಗಳನ್ನು ಗಾಳಕ್ಕೆ ಸುತ್ತಿ ಮಾಡಿದ ಕೃತಕ ನೊಣ. ಅದಕ್ಕೆ ತೂಕವೇ ಇಲ್ಲವೆನ್ನಬಹುದು. ಆದುದರಿಂದ ಇಲ್ಲಿ ಎಸೆಯುವುದು ದಾರವನ್ನು. ನೊಣವು ದಾರದ ಹಿಂದೆ ಹೋಗುತ್ತದೆ. ದಾರವನ್ನು ಹಿಂದಕ್ಕೂ ಮುಂದಕ್ಕೂ ಗಾಳಿಯಲ್ಲಿ ಬೀಸಿದಾಗ ಕೋಲು ಬಾಗಿ, ಮತ್ತೆ ನೆಟ್ಟಗಾಗುತ್ತ ಆ ದಾರವನ್ನು ಹಾರಿಸುತ್ತದೆ. ದಿನಕ್ಕೆ ನೂರಾರು ಸಲ ನಡೆಯಬೇಕಾದ ಈ ಬೀಸಿನಲ್ಲಿ ಕೈಗೆ ತಿಳಿಯುವ ಭಾರವು ಕೋಲಿನ ಒಟ್ಟು ತೂಕವಲ್ಲ. ಆ ತೂಕವು ಎಲ್ಲಿ ಕುಳಿತಿದೆಯೆಂಬುದು. ಕೊಡಲಿಯ ಕಾವಿನ ತುದಿಯನ್ನು ಹಿಡಿದು ಬೀಸಿದವನು ಅದನ್ನೇ ತಿರುಗಿಸಿ ತಲೆಯ ಕಡೆ ಹಿಡಿದು ಬೀಸಿ ನೋಡಿದರೆ ವ್ಯತ್ಯಾಸವು ತಾನಾಗಿ ತಿಳಿಯುತ್ತದೆ. ಎರಡು ಸಲವೂ ತಕ್ಕಡಿಯ ಲೆಕ್ಕ ಒಂದೇ. ತಿರುಗುವ ವಸ್ತುವಿನ ತಡೆಯು ಕೈಯಿಂದ ಇರುವ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂದು ಭೌತಶಾಸ್ತ್ರವು ಹೇಳುತ್ತದೆ. ಕೈಯಿಂದ ೮ ಅಡಿ ದೂರದ ತುದಿಯಲ್ಲಿರುವ ಕಾಲು ಔನ್ಸು, ೧ ಅಡಿ ದೂರದಲ್ಲಿರುವ ೧೬ ಔನ್ಸಿನಷ್ಟು ತಡೆಯನ್ನು ಒಡ್ಡುತ್ತದೆ. ಅಂಗೈಯ ಕೆಳಗೇ ಕುಳಿತಿರುವ ಲೋಹದ ಭಾರವನ್ನು ಬೀಸುವ ಕೈ ಹೆಚ್ಚಾಗಿ ಗಮನಿಸುವುದೇ ಇಲ್ಲ.

ಇಂಗ್ಲಿಷಿನಲ್ಲಿ ಈ ವಿಷಯವನ್ನು ಕುರಿತು ಅಚ್ಚಾದ ಮೊದಲ ಬರಹ ೧೪೯೬ರದು. ವಿಂಕಿನ್ ದ ವರ್ಡನು ‘ಬುಕ್ ಆಫ್ ಸೇಂಟ್ ಆಲ್ಬನ್ಸ್’ನ ಎರಡನೆಯ ಮುದ್ರಣಕ್ಕೆ ಅದನ್ನು ಸೇರಿಸಿದನು. ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯು ಅದರ ಕರ್ತೃವೆಂಬ ಪ್ರತೀತಿಗೆ ಗಟ್ಟಿಯಾದ ಆಧಾರವಿಲ್ಲ. ಹೇಜಲ್, ವಿಲೋ ಅಥವಾ ಆಸ್ಪೆನ್ ಮರದ ಕೋಲನ್ನು ಚಳಿಗಾಲದಲ್ಲಿ ಕಡಿದು, ಕಾಯಿಸಿ, ನೆಟ್ಟಗೆ ಮಾಡಿ ಒಣಗಿಸಿ, ಕಾದ ಕಬ್ಬಿಣದಿಂದ ಒಳಗನ್ನು ಕೊರೆದು, ಮೇಲಿನ ತುಂಡನ್ನು ಆ ಪೊಳ್ಳಿನೊಳಗೆ ಅಡಗಿಸುವ ಕ್ರಮವನ್ನು ಅದರಲ್ಲಿ ವಿವರಿಸಿದೆ. ಇಂಥ ಕೋಲು ಹಗುರವೂ ಚುರುಕೂ ಆಗಿರುವುದೆಂದು ಗ್ರಂಥಕರ್ತರು ಹೊಗಳುತ್ತಾರೆ. ಆದರೆ ಅದಕ್ಕೂ ಮೊದಲು ಹೇಳುವ ಗುಣವೊಂದುಂಟು: ಅದನ್ನು ಊರುಗೋಲಿನಂತೆ ಹಿಡಿದು ನಡೆದರೆ ಎಲ್ಲಿಗೆ ಏನು ಕೆಲಸಕ್ಕೆ ಹೊರಟಿರೆಂದು ಯಾರಿಗೂ ತಿಳಿಯದು. ಒಳಗನ್ನು ಕೊರೆದ ಉದ್ದೇಶವು ತೂಕವನ್ನು ಇಳಿಸುವುದಲ್ಲ, ತುದಿಯನ್ನು ಬಚ್ಚಿಡುವುದು. ನಾಲ್ಕೂವರೆ ಶತಮಾನಗಳ ಬಳಿಕ ಅಮೆರಿಕದವರು ತೂಕಕ್ಕಾಗಿಯೇ ಬಿದಿರಿನ ಕೋಲನ್ನು ಟೊಳ್ಳು ಮಾಡಿದರು. ರೂಪ ಒಂದಾದರೂ ಉದ್ದೇಶ ಒಂದಲ್ಲ.

ವಾಲ್ಟನ್ನನ ಪ್ರಸಿದ್ಧ ಗ್ರಂಥದ ೧೬೭೬ರ ಐದನೆಯ ಮುದ್ರಣಕ್ಕೆ ಚಾರ್ಲ್ಸ್ ಕಾಟನ್ನನು ಫ್ಲೈ ಬೇಟೆಯ ಭಾಗವನ್ನು ಬರೆದುಕೊಟ್ಟನು. ಟ್ರೌಟ್ ಹೊಳೆಗೆ ಐದಾರು ಗಜ, ಎಂದರೆ ೧೫ರಿಂದ ೧೮ ಅಡಿ ಉದ್ದದ ಕೋಲು ಸಾಕೆಂದು ಆತನ ಮತ. ಇಂದಿನ ಓದುಗನಿಗೆ ಈ ‘ಸಾಕು’ ನಗು ತರಿಸಬಹುದು. ಆದರೆ ಆ ಕಾಲದ ಬಹುಮಂದಿ ಬೇಟೆಗಾರರ ದಾರವು ಕೋಲಿನ ತುದಿಗೇ ಕಟ್ಟಿದ, ಕುದುರೆಯ ಬಾಲದ ಕೂದಲಿನಿಂದ ಹೆಣೆದ, ಕೋಲಿಗಿಂತ ಸ್ವಲ್ಪವೇ ಉದ್ದವಾದ ದಾರವಾಗಿತ್ತೆಂಬುದನ್ನು ಮರೆಯಬಾರದು. ಕೈ ಎಲ್ಲಿಯವರೆಗೆ ಮುಟ್ಟಬೇಕೋ ಅಲ್ಲಿಯವರೆಗೂ ಮರವೇ ಚಾಚಬೇಕಾಗಿತ್ತು. ದಾರವನ್ನು ಸುತ್ತಿಡುವ ರೀಲಿನ ಪ್ರಸ್ತಾಪವು ಥಾಮಸ್ ಬಾರ್ಕರನ ೧೬೫೧ರ ಪುಸ್ತಕದಲ್ಲಿಯೇ ಇದೆಯಾದರೂ ಅದು ಬಳಕೆಯಲ್ಲಿ ಹರಡಲು ಬಹಳ ಕಾಲ ಹಿಡಿಯಿತು. ಕೋಲಿನ ಮೇಲಿನ ಉಂಗುರಗಳ ಮೂಲಕ ದಾರವು ಹರಿಯತೊಡಗಿದ ಮೇಲೆ ದೂರವನ್ನು ಮುಟ್ಟುವ ಹೊಣೆ ಮರದಿಂದ ದಾರಕ್ಕೆ ದಾಟಿತು, ಕೋಲು ಮೊಟಕಾಗಬಹುದಾಯಿತು. ಹಗುರತನದ ಇತಿಹಾಸದ ಈ ಮೊದಲ ದೊಡ್ಡ ಹೆಜ್ಜೆ ಮರದಿಂದ ಬಂದುದಲ್ಲ.

ಎರಡನೆಯ ಹೆಜ್ಜೆಯು ಬೇಟೆಯ ವಿಧಾನದಿಂದ ಬಂದಿತು. ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೂವರ್ಟನು ೧೮೫೭ರಲ್ಲಿ ‘ದಿ ಪ್ರಾಕ್ಟಿಕಲ್ ಆಂಗ್ಲರ್’ ಎಂಬ ಗ್ರಂಥವನ್ನು ಪ್ರಕಟಿಸಿ, ಟ್ರೌಟ್ ಮೀನು ಪ್ರವಾಹಕ್ಕೆ ಎದುರಾಗಿ ಮುಖಮಾಡಿ ನಿಲ್ಲುವುದರಿಂದ ಬೇಟೆಗಾರನು ಅದರ ಹಿಂದಿನಿಂದ, ಹೊಳೆಯ ಮೇಲ್ಮುಖವಾಗಿ ನೊಣವನ್ನು ಎಸೆಯಬೇಕೆಂದು ವಾದಿಸಿದನು. ಹಾಗೆ ಎಸೆದರೆ ನೊಣವು ಪ್ರವಾಹದೊಡನೆ ಕ್ಷಣಮಾತ್ರದಲ್ಲಿ ಹಿಂದಿರುಗಿಬಿಡುತ್ತದೆ. ಮತ್ತೆ ಎತ್ತಿ ಮತ್ತೆ ಎಸೆಯಬೇಕು. ಎರಡು ಕೈಗಳಿಂದ ಹಿಡಿಯುವ ಉದ್ದನೆಯ ಕೋಲು ಈ ದುಡಿಮೆಗೆ ಒಗ್ಗದು. ಆದುದರಿಂದ ಸ್ಟೂವರ್ಟನು ಒಂಟಿಗೈಯ, ಸುಮಾರು ೧೦ ಅಡಿಯ, ಬಿರುಸಾದ ಕೋಲನ್ನು ಆರಿಸಿಕೊಂಡನು. ‘ಬಿರುಸಾದ’ ಎಂಬ ವಿಶೇಷಣವು ಗಮನಾರ್ಹ. ಅವನಿಗೆ ಬೇಕಾಗಿದ್ದುದು ದಿನದ ಕೊನೆಗೆ ತೋಳನ್ನು ಸೋಲಿಸದ ಕೋಲು, ಬಳುಕುವ ಕೋಲಲ್ಲ. ಹಾಲ್ಫರ್ಡನು ೧೮೮೬ರಲ್ಲಿ ತೇಲುವ ನೊಣಗಳ ಮೇಲೆ ಗ್ರಂಥ ಬರೆದು, ನೆನೆದ ನೊಣವನ್ನು ಗಾಳಿಯಲ್ಲಿ ಬೀಸಿ ಒಣಗಿಸುವ ಪದ್ಧತಿ ಹರಡಿದಾಗ ತೋಳಿನ ಈ ಲೆಕ್ಕ ಇನ್ನಷ್ಟು ಮುಖ್ಯವಾಯಿತು.

ಈ ನಡುವೆ ಕೋಲಿನ ದ್ರವ್ಯವೂ ಬದಲಾಗುತ್ತಿದ್ದಿತು. ಉತ್ತರ ಅಮೆರಿಕದ ಹಿಕರಿ, ವೆಸ್ಟ್ ಇಂಡೀಸಿನ ಲಾನ್ಸ್‌ವುಡ್, ಬ್ರಿಟಿಷ್ ಗಯಾನದ ಗ್ರೀನ್‌ಹಾರ್ಟ್ ಮರಗಳು ವಸಾಹತು ವ್ಯಾಪಾರದ ಹಡಗುಗಳಲ್ಲಿ ಬಂದು ಕೋಲುಗಾರರ ಅಂಗಡಿ ಸೇರಿದವು. ಗ್ರೀನ್‌ಹಾರ್ಟ್ ನೀರಿನಲ್ಲಿ ಮುಳುಗುವಷ್ಟು ಸಾಂದ್ರವಾದ ಮರ. ಹಾಗಿದ್ದೂ ಅದು ಬಹುಕಾಲ ಮೆಚ್ಚುಗೆ ಪಡೆದುದು, ತಕ್ಕಡಿಯೇ ಎಲ್ಲವೂ ಆಗಿರಲಿಲ್ಲವೆಂಬುದಕ್ಕೆ ಒಳ್ಳೆಯ ಸಾಕ್ಷಿ. ಬಿದಿರಿನ ಬಲವಾದರೋ ಹೊರಮೈಯ ನಾರಿನಲ್ಲಿದೆ. ಪೆನ್ಸಿಲ್ವೇನಿಯದ ಈಸ್ಟನ್ ಪಟ್ಟಣದಲ್ಲಿ ಬಂದೂಕು, ಪಿಟೀಲುಗಳನ್ನು ಮಾಡುತ್ತಿದ್ದ ಸ್ಯಾಮ್ಯುಯೆಲ್ ಫಿಲಿಪಿಯು ೧೮೪೦ರ ದಶಕದಲ್ಲಿ ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಕೋಲು ಮಾಡಿದನು. ಮೇನ್ ಪ್ರಾಂತದ ಬ್ಯಾಂಗರಿನಲ್ಲಿ ೧೮೭೦ರ ದಶಕದಲ್ಲಿ ಉದ್ಯಮ ಹೂಡಿ, ೧೮೮೧ರಲ್ಲಿ ನ್ಯೂಯಾರ್ಕ್ ಪ್ರಾಂತದ ಸೆಂಟ್ರಲ್ ವ್ಯಾಲಿಗೆ ಹೋದ ಹೈರಮ್ ಲೆನರ್ಡನು ಸೀಳುಗಳನ್ನು ಯಂತ್ರದಿಂದ ಕೊರೆದು ಷಟ್ಕೋನದ ಕೋಲನ್ನು ಪೂರ್ಣತೆಗೆ ತಂದನು. ಆಗ ಬಳಕೆಯಲ್ಲಿದ್ದುದು ನಮ್ಮ ದೇಶದಿಂದ ಹೋಗುತ್ತಿದ್ದ ‘ಕಲ್ಕತ್ತ ಬಿದಿರು’. ಅದರ ಮೈಮೇಲೆ ಇರುತ್ತಿದ್ದ ಸುಟ್ಟ ಕಲೆಗಳು ನಾರನ್ನು ಕೆಡಿಸುತ್ತಿದ್ದುದರಿಂದ ಬಹುಭಾಗ ವ್ಯರ್ಥವಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಅದರ ಸ್ಥಾನವನ್ನು ‘ಟಾಂಕಿನ್’ ಬಿದಿರು ಆಕ್ರಮಿಸಿತು. ಹೆಸರು ಹಾಗಿದ್ದರೂ ಅದು ಬೆಳೆಯುವುದು ಟಾಂಕಿನ್ನಿನಲ್ಲಲ್ಲ, ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ. ಸಸ್ಯಶಾಸ್ತ್ರಜ್ಞ ಮಕ್ಲೂರನು ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದುದು ೧೯೩೧ರಲ್ಲಿ.

ಬಿದಿರಿನ ಕೋಲಿನೊಡನೆಯೇ ಔನ್ಸಿನ ಮೋಹವೂ ಬಲಿಯಿತೆಂದು ನಮಗೆ ತೋರುತ್ತದೆ. ಅಮೆರಿಕದ ಎಸೆತದ ಪಂದ್ಯಗಳಲ್ಲಿ ೫ ಔನ್ಸು ಮೀರದ ‘ಹಗುರ ಕೋಲಿನ’ ವರ್ಗವನ್ನು ಬೇರೆ ಮಾಡಿದರು. ಪಂದ್ಯಕ್ಕೆ ಅಳತೆ ಬೇಕು. ತೂಕ ಅಳೆಯಲು ಸುಲಭ. ಬೆಲೆಪಟ್ಟಿಗಳೂ ಅದೇ ಅಂಕಿಯನ್ನು ಹಿಡಿದವು. ಆದರೆ ಕೋಲಿನ ಔನ್ಸಿನಲ್ಲಿ ಬಿದಿರು ಮಾತ್ರವಲ್ಲ, ತುಂಡುಗಳನ್ನು ಕೂಡಿಸುವ ಜರ್ಮನ್ ಸಿಲ್ವರ್ ಕೊಳವೆಗಳು, ಬೆಂಡಿನ ಹಿಡಿ, ರೀಲನ್ನು ಕೂರಿಸುವ ಲೋಹದ ಕವಚ ಇವೆಲ್ಲವೂ ಸೇರಿರುತ್ತವೆ. ಕವಚವನ್ನು ತೆಗೆದು ಬರಿಯ ಮರದ ಮೇಲೆ ಎರಡು ತೆಳು ಬಳೆಗಳನ್ನಿಟ್ಟರೆ ಕೋಲು ತಕ್ಕಡಿಯಲ್ಲಿ ಹಗುರವಾಗುತ್ತದೆ, ಕೈಗೆ ಏನೂ ಆಗುವುದಿಲ್ಲ. ಹೀಗಿರಲಾಗಿ ೪ ಔನ್ಸಿನದೆಂದು ಬರೆದ ಕೋಲು ೫ ಔನ್ಸಿನದಕ್ಕಿಂತ ಹಗುರವೆಂದು, ಕವಚದ ವಿವರ ತಿಳಿಯದೆ, ಇತಿಹಾಸಕಾರನು ಹೇಳುವಂತಿಲ್ಲ.

ಇಂಗ್ಲೆಂಡಿನಲ್ಲಿ ನಡೆದ ‘ಹಗುರ ಕೋಲಿನ ವಿವಾದ’ವನ್ನು ಈ ಬೆಳಕಿನಲ್ಲಿ ಓದಬೇಕು. ಇಚನ್ ನದಿಯಲ್ಲಿ ಬೇಟೆಯಾಡುತ್ತಿದ್ದ ಲಂಡನ್ನಿನ ವಕೀಲ ಜಿ. ಇ. ಎಂ. ಸ್ಕ್ಯೂಸ್ (೧೮೫೮-೧೯೪೯) ಲೆನರ್ಡನ ೯ ಅಡಿಯ, ಸುಮಾರು ೫ ಔನ್ಸಿನ ಕೋಲನ್ನು ಜಗತ್ತಿನ ಅತ್ಯುತ್ತಮ ಕೋಲೆಂದು ಕರೆದು, ಆ ಮಾತಿನ ಮೊದಲಕ್ಷರಗಳನ್ನೇ ಅದಕ್ಕೆ ಹೆಸರಾಗಿಟ್ಟುಕೊಂಡಿದ್ದನು. ಗಾಳಿಗೆದುರಾಗಿ ಭಾರವಾದ ರೇಷ್ಮೆದಾರವನ್ನು ಹಾರಿಸಲು ಗಟ್ಟಿಮುಟ್ಟಾದ ಕೋಲೇ ಬೇಕೆಂಬುದು ಎದುರು ಪಕ್ಷದ ನಿಲುವು. ಎರಡು ಪಕ್ಷಗಳೂ ತಮ್ಮ ತಮ್ಮ ಹೊಳೆಯ ಮಟ್ಟಿಗೆ ಸರಿಯಾಗಿಯೇ ಇದ್ದವೆಂದು ನಮ್ಮ ಅಭಿಪ್ರಾಯ. ಕೋಲನ್ನು ಕೋಲಿನೊಡನೆ ಹೋಲಿಸಿದರೇ ಹೊರತು, ಅದು ಹೊರಬೇಕಾದ ದಾರದೊಡನೆ ಹೋಲಿಸಲಿಲ್ಲ. ವಾದವು ಮುಗಿಯದಿರಲು ಕಾರಣ ಇದೇ.

ಮುಂದಿನ ಬದಲಾವಣೆಗೆ ಕಾರಣ ಕೋಲುಗಾರರಲ್ಲ, ರಾಜಕೀಯ. ಕೊರಿಯ ಯುದ್ಧಕ್ಕೆ ಚೀನ ಇಳಿದ ಮೇಲೆ ೧೯೫೦ರ ಡಿಸೆಂಬರಿನಲ್ಲಿ ಅಮೆರಿಕವು ಚೀನದ ಸರಕನ್ನು ನಿಷೇಧಿಸಿತು. ೧೯೭೧ರವರೆಗೆ ಟಾಂಕಿನ್ ಬಿದಿರು ಅಲ್ಲಿಗೆ ನೇರವಾಗಿ ಬರುವಂತಿರಲಿಲ್ಲ. ಆರ್ಥರ್ ಹೊವಾಲ್ಡನು ೧೯೪೦ರ ದಶಕದಲ್ಲಿ ರೂಪಿಸಿ, ಶೇಕ್ಸ್‌ಪಿಯರ್ ಸಂಸ್ಥೆ ಮಾರಾಟಕ್ಕೆ ತಂದಿದ್ದ ಗಾಜುನಾರಿನ ಕೋಲು ಆ ತೆರವನ್ನು ತುಂಬಿತು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾಲಯದಲ್ಲಿ ೧೯೬೦ರ ದಶಕದಲ್ಲಿ ಸಿದ್ಧವಾದ ಇಂಗಾಲನಾರು ಅದಕ್ಕಿಂತ ಸಾಂದ್ರತೆಯಲ್ಲಿ ಕಡಮೆ, ಬಿರುಸಿನಲ್ಲಿ ಸುಮಾರು ಮೂರು ಪಟ್ಟು. ಫೆನ್ವಿಕ್ ಸಂಸ್ಥೆ ೧೯೭೩ರಲ್ಲಿ ಅದರ ಕೋಲನ್ನು ಮಾರಾಟಕ್ಕೆ ತಂದಿತು. ತುದಿಯ ತೂಕವೇ ನಿಜವಾಗಿ ಕುಗ್ಗಿದುದು ಇಲ್ಲಿ. ಪ್ರಗತಿಯ ಕಥೆ ಸತ್ಯವಾಗುವುದೂ ಇಲ್ಲಿಯೇ.

ಆದರೆ ಹೋಲಿಕೆಯ ದೃಷ್ಟಿಯಿಂದ ಇವೆಲ್ಲಕ್ಕಿಂತ ಹೆಚ್ಚಿನ ಘಟನೆ ೧೯೬೧ರದು. ಆವರೆಗೆ ರೇಷ್ಮೆದಾರವನ್ನು ದಪ್ಪದ ಮೇಲೆ ಅಕ್ಷರಗಳಿಂದ ಗುರುತಿಸುತ್ತಿದ್ದರು: ಎಚ್ ಎಂದರೆ ಅಂಗುಲದ ಸಾವಿರದಲ್ಲಿ ೨೫ ಭಾಗ, ಡಿ ಎಂದರೆ ೪೫ ಭಾಗ, ಎಚ್‌ಡಿಎಚ್ ಎಂದರೆ ಎರಡು ತುದಿ ತೆಳು, ನಡು ದಪ್ಪ. ನೈಲಾನ್ ಮೊದಲಾದ ಹೊಸ ದಾರಗಳು ಬಂದಾಗ ದಪ್ಪ ಒಂದೇ ಆದರೂ ತೂಕ ಬೇರೆಯಾಗಿ ಈ ಕ್ರಮವು ಮುರಿದುಬಿದ್ದಿತು. ಆಗ ಅಮೆರಿಕದ ತಯಾರಕರ ಸಂಘವು ದಾರದ ಮೊದಲ ೩೦ ಅಡಿಯ ತೂಕದ ಮೇಲೆ ಅಂಕಿಗಳನ್ನು ನಿಗದಿಮಾಡಿತು: ೩ನೆಯ ಅಂಕಿಗೆ ೧೦೦ ಗ್ರೇನ್, ೪ಕ್ಕೆ ೧೨೦, ೫ಕ್ಕೆ ೧೪೦, ಎಂದರೆ ಸುಮಾರು ೯ ಗ್ರಾಂ. ಕೋಲು ಎಷ್ಟು ತೂಗುತ್ತದೆಂಬ ಪ್ರಶ್ನೆ ಹೋಗಿ, ಎಷ್ಟು ತೂಕವನ್ನು ಹಾರಿಸುತ್ತದೆಂಬ ಪ್ರಶ್ನೆ ಬಂದಿತು. ಅಂಕಿಯನ್ನು ಕೋಲಿನ ಮೇಲೆ ಬರೆಯುವವನು ತಯಾರಕನೇ ಆದುದರಿಂದ ಸಂದೇಹ ಪೂರ್ತಿ ಅಳಿಯಲಿಲ್ಲ. ವಿಲಿಯಂ ಹ್ಯಾನೆಮನ್ನನು ೨೦೦೩ರಲ್ಲಿ ಸೂಚಿಸಿದ ಪರೀಕ್ಷೆ ಬಹು ಸರಳ: ಕೋಲಿನ ಹಿಡಿಯನ್ನು ಅಡ್ಡಲಾಗಿ ಬಿಗಿದು, ತುದಿಗೆ ಚೀಲ ಕಟ್ಟಿ, ಕೋಲಿನ ಉದ್ದದ ಮೂರನೆಯ ಒಂದು ಭಾಗದಷ್ಟು ತುದಿ ಬಾಗುವವರೆಗೆ ಅಮೆರಿಕದ ಒಂದು ಸೆಂಟಿನ ನಾಣ್ಯಗಳನ್ನು ಹಾಕುತ್ತ ಎಣಿಸುವುದು. ಎರಡೂವರೆ ಗ್ರಾಮಿನ ಆ ನಾಣ್ಯವು, ದೊಡ್ಡ ಸಂಸ್ಥೆಗಳ ಜಾಹೀರಾತು ಹೇಳದಿದ್ದುದನ್ನು ಹೇಳಿತು.

ಇಂದು ಹಗುರವಾದ ಕೋಲನ್ನು ಆರಿಸುವವನಿಗೂ ಇದರಿಂದ ಉಪಯೋಗವುಂಟು. ಹೊಳೆಯನ್ನೂ ಮೀನನ್ನೂ ನೋಡಿ ಮೊದಲು ದಾರದ ಅಂಕಿಯನ್ನು ನಿರ್ಧರಿಸಬೇಕು. ಕಿರುತೊರೆಗೆ ೩, ಬಯಲುಗಾಳಿಯ ಹೊಳೆಗೆ ೫. ಆಮೇಲೆ ಉದ್ದ. ಇವೆರಡೂ ಒಂದೇ ಆದ ಕೋಲುಗಳನ್ನು ಮಾತ್ರ ಎದುರೆದುರು ಇಡಬೇಕು. ಅಂಗಡಿಯಲ್ಲಿ ಬರಿಗೋಲನ್ನು ಅಲ್ಲಾಡಿಸಿ ನೋಡುವುದರಿಂದ ಏನೂ ತಿಳಿಯದು, ರೀಲು ಕೂರಿಸಿ ೩೦ ಅಡಿ ದಾರವನ್ನು ಹೊರಬಿಟ್ಟು ಬೀಸಬೇಕು. ಇಂದಿನ ಇಂಗಾಲನಾರಿನ ಕೋಲು ೩ ಔನ್ಸಿನ ಆಸುಪಾಸಿನದು. ಅದರ ರೀಲೇ ಎಷ್ಟೋ ವೇಳೆ ಅದಕ್ಕಿಂತ ಭಾರ. ಅರ್ಧ ಔನ್ಸಿನ ವ್ಯತ್ಯಾಸಕ್ಕೆ ಹೆಚ್ಚು ಹಣ ಕೊಡುವವನು ಆ ಅರ್ಧ ಔನ್ಸು ತುದಿಯಿಂದ ಕಡಮೆಯಾಯಿತೋ ಹಿಡಿಯಿಂದಲೋ ಎಂದು ಕೇಳಲಿ. ದೊಡ್ಡ ಮೀನಿಗೆ ತೀರ ನವುರಾದ ಕೋಲನ್ನು ಒಡ್ಡಿ ಬಹಳ ಹೊತ್ತು ಸೆಣಸಿದರೆ, ನೀರಿಗೆ ಮರಳಿ ಬಿಟ್ಟರೂ ಆ ಮೀನು ಬದುಕುವುದು ಕಷ್ಟ.

ಹಳೆಯ ಕೋಲುಗಳ ವಿಷಯದಲ್ಲಿ ಇತಿಹಾಸಕಾರನಿಗೆ ತೊಡಕೊಂದುಂಟು. ನೂರು ವರ್ಷದ ಅಂಟಿನ ಬಿದಿರಿನ ತುದಿಗೆ ನಾಣ್ಯದ ಚೀಲ ಕಟ್ಟಲು ಯಾವ ಸಂಗ್ರಹಾಲಯದವರೂ ಸುಲಭವಾಗಿ ಒಪ್ಪಲಾರರು, ಒಪ್ಪಲೂಬಾರದು. ಆದರೆ ಕೆಲವು ಕೋಲುಗಳೊಡನೆ ಅವುಗಳ ಒಡೆಯರು ಬಳಸಿದ ರೇಷ್ಮೆದಾರವೂ ರೀಲಿನಲ್ಲಿ ಉಳಿದುಬರುವುದುಂಟು. ದಾರದ ದಪ್ಪವನ್ನೂ ತೂಕವನ್ನೂ ಅಳೆದರೆ ಕೋಲಿಗೆ ಕೈ ಹಚ್ಚದೆಯೇ ಅದರ ಬಲವನ್ನು ಊಹಿಸಬಹುದು. ಎಷ್ಟೋ ವೇಳೆ ಸಂಗ್ರಾಹಕರು ಕೋಲನ್ನು ಶುಚಿಮಾಡುವಾಗ ಮೊದಲು ಎಸೆಯುವುದು ಜಿಗುಟುಗಟ್ಟಿದ ಆ ದಾರವನ್ನೇ.