ಪಟ್ಟದ ರಾಜನ ಪಕ್ಕ ಬೆಂಕಿಪೊಟ್ಟಣದ ರೈಲು

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ್ದು ಪುಸ್ತಕಗಳಲ್ಲಿದೆ. ಆ ಒಂಬತ್ತು ದಿನ ಮನೆಯಲ್ಲಿ ಗೊಂಬೆ ಕೂರಿಸುವ ಹಬ್ಬದ ಚರಿತ್ರೆ ಹೆಚ್ಚಾಗಿ ಅಜ್ಜಿಯರ ಟ್ರಂಕಿನಲ್ಲಿದೆ. ಮೈಸೂರು ಅರಮನೆಗೆ ಗೊಂಬೆತೊಟ್ಟಿಯೇ ಉಂಟು. ನಮಗೆ ತಗಡಿನ ಡಬ್ಬಗಳ ಮೇಲೆ ಹಲಗೆ ಜೋಡಿಸಿ, ಬಿಳಿ ಪಂಚೆ ಹೊದಿಸಿದ ಮೆಟ್ಟಿಲು.

ಮೇಲಿನ ಸಾಲು ಅಜ್ಜಿಯದು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ರಾಜ-ರಾಣಿಯನ್ನು ನಾವು ಮುಟ್ಟುವ ಹಾಗಿರಲಿಲ್ಲ. ಕೆಳಗಿನ ನೆಲವೆಲ್ಲ ನಮ್ಮ ರಾಜ್ಯ! ಹಬ್ಬಕ್ಕೆ ವಾರ ಮುಂಚೆ ಮಣ್ಣಿನ ತಟ್ಟೆಗೆ ರಾಗಿ ಚೆಲ್ಲುತ್ತಿದ್ದೆವು. ಪೈರು ಬಂದರೆ ಅದೇ ಕಾಡು. ಒಡೆದ ಕನ್ನಡಿ ಕೆರೆ, ಬೆಂಕಿಪೊಟ್ಟಣ ರೈಲು. ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಗೊಂಬೆಗಳು ಟಿಕೆಟ್ಟಿಲ್ಲದ ಪ್ರಯಾಣಿಕರು.

"ಅಜ್ಜಿ, ವರ್ಷವೆಲ್ಲ ಪೆಟ್ಟಿಗೆಯೊಳಗೆ ರಾಜ ಏನು ಮಾಡ್ತಾನೆ?" ತಂಗಿ ಕೇಳಿದಳು.

"ನಿನ್ನ ರೈಲಿಗೆ ಕಾಯ್ತಾನೆ ಕಣೇ."

ಅಷ್ಟೇ ಸಾಕಾಯಿತು. ಮರುದಿನ ಪೊರಕೆಕಡ್ಡಿಯ ಹಳಿ ಮೆಟ್ಟಿಲು ಹತ್ತಿ ರಾಜನ ಪಾದದವರೆಗೂ ಹೋಗಿತ್ತು. ಮಡಿ ಮೈಲಿಗೆ ಎಂದು ದಿನವೆಲ್ಲ ಗೊಣಗುವ ಅಜ್ಜಿ ಅದನ್ನು ತೆಗೆಸಲಿಲ್ಲ. ಸಂಜೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಚಕ್ಕುಲಿ, ಕೊಬ್ಬರಿ ಮಿಠಾಯಿಯ ಗೊಂಬೆ ಬಾಗಿನ ಕೊಡುತ್ತಾ, "ಇದು ನಮ್ಮೂರ ಸ್ಟೇಷನ್ನು" ಎಂದು ತಾನೇ ತೋರಿಸಿದಳು.