ರೋಗಿಯನ್ನು ಎತ್ತುವ ಸಾಧನಗಳು: ಒಂದು ಚಾರಿತ್ರಿಕ ವಿವೇಚನೆ

ವೈದ್ಯಶಾಸ್ತ್ರದ ಚರಿತ್ರಕಾರರು ಔಷಧ, ಶಸ್ತ್ರಚಿಕಿತ್ಸೆಗಳಿಗೆ ಕೊಟ್ಟಷ್ಟು ಗಮನವನ್ನು ರೋಗಿಯನ್ನು ಎತ್ತುವ, ಸಾಗಿಸುವ ಸಾಧನಗಳಿಗೆ ಕೊಟ್ಟಿಲ್ಲ. ಈ ಕಾರ್ಯದಲ್ಲಿ ಯಾವಾಗಲೂ ಎರಡು ದೇಹಗಳು ಸೇರಿರುತ್ತವೆ: ಎತ್ತಿಸಿಕೊಳ್ಳುವವನದು, ಎತ್ತುವವನದು. ಎರಡನೆಯದು ಬಹುಕಾಲ ಲೆಕ್ಕಕ್ಕೆ ಬಾರದೆ ಉಳಿದುದನ್ನೂ, ಲೆಕ್ಕಕ್ಕೆ ಬಂದಮೇಲೆ ಹುಟ್ಟಿದ ಹೊಸ ಪ್ರಶ್ನೆಯನ್ನೂ ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಮೊದಲು ರಣರಂಗದ ಸಂಗತಿಯನ್ನು ನೋಡಬಹುದು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಪೆರ್ಸಿಯ ಪ್ರಯತ್ನದಿಂದ 1813ರಲ್ಲಿ ಸ್ಟ್ರೆಚರ್ ಹೊರುವವರ ಪ್ರತ್ಯೇಕ ದಳವೊಂದು ಫ್ರೆಂಚ್ ಸೈನ್ಯದಲ್ಲಿ ಅಧಿಕೃತವಾಗಿ ಏರ್ಪಟ್ಟಿತು. ಅವರ ಈಟಿಯ ಕೋಲುಗಳೇ ಸ್ಟ್ರೆಚರಿನ ದಂಡಗಳಾಗುತ್ತಿದ್ದುವು. ಗಾಯಾಳುವಿಗೆ ಇದರಿಂದ ಮಹೋಪಕಾರವಾಯಿತು. ಹೊರುವವನ ಶ್ರಮ ಮಾತ್ರ ಹಾಗೆಯೇ ಉಳಿಯಿತು. ಬೋಯರ್ ಯುದ್ಧದಲ್ಲಿ, 1899–1900ರಲ್ಲಿ, ಗಾಂಧೀಜಿಯವರು ನೇಟಾಲಿನಲ್ಲಿ ಕಟ್ಟಿದ ಭಾರತೀಯ ಆಂಬ್ಯುಲೆನ್ಸ್ ದಳದಲ್ಲಿ ಸುಮಾರು 1,100 ಮಂದಿಯಿದ್ದರು. ಬಹುಪಾಲು ಜನ ಕರಾರಿನ ಕೂಲಿಗಳು. ಗಾಯಾಳುಗಳನ್ನು ಹೊತ್ತು ದಿನಕ್ಕೆ 20–25 ಮೈಲಿ ನಡೆಯಬೇಕಾಗಿತ್ತೆಂದು ಗಾಂಧೀಜಿಯವರೇ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಯುದ್ಧಪದಕ ದೊರೆತುದು ದಳದ ಮುಂದಾಳುಗಳಿಗೆ.

ಆಸ್ಪತ್ರೆಯೊಳಗೆ ಇದೇ ಭಾರ ದಾದಿಯರ ಬೆನ್ನಿನ ಮೇಲೆ ಬಿದ್ದಿತು. ರೋಗಿಯ ದೇಹಕ್ಕೆ ಮೂಟೆಯಂತೆ ಹಿಡಿತ ಸಿಕ್ಕುವುದಿಲ್ಲ. ಅದು ಜಾರಬಹುದು, ಹಠಾತ್ತನೆ ಕುಸಿಯಬಹುದು. ಹಾಸಿಗೆಯ ಮೇಲೆ ಬಾಗಿ ಎತ್ತುವಾಗ ಬೆನ್ನುಮೂಳೆಯ ಮೇಲಿನ ಒತ್ತಡ ಹಲವು ಮಡಿಯಾಗುತ್ತದೆ. ಈ ಕಷ್ಟಕ್ಕೆ ಪರಿಹಾರವಾಗಿ ಬಂದ ಸಾಧನಗಳಲ್ಲಿ, 1936ರ ಕಾರು ಅಪಘಾತದಿಂದ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಅಮೆರಿಕದ ಟೆಡ್ ಹೋಯರ್ ರೂಪಿಸಿದ ಹೈಡ್ರಾಲಿಕ್ ಎತ್ತುಯಂತ್ರ ಪ್ರಸಿದ್ಧವಾದುದು. ಹಿಡಿಯನ್ನು ಆಡಿಸಿದರೆ ಎಣ್ಣೆಯ ಒತ್ತಡದಿಂದ ಯಂತ್ರದ ತೋಳು ಏರುತ್ತದೆ. ಅದಕ್ಕೆ ತೂಗುಹಾಕಿದ ಬಟ್ಟೆಯ ಜೋಲಿಯಲ್ಲಿ ರೋಗಿ ಮೇಲೇಳುತ್ತಾನೆ. ಕವಾಟವನ್ನು ಸಡಿಲಿಸಿದರೆ ಮೆಲ್ಲನೆ ಇಳಿಯುತ್ತಾನೆ.

ಯಂತ್ರ ಬಂದ ಮಾತ್ರಕ್ಕೆ ರೂಢಿ ಬದಲಾಗಲಿಲ್ಲ. ಶಾಸನದ ಬೆಂಬಲ ಬೇಕಾಯಿತು. ಯುರೋಪಿಯನ್ ಸಮುದಾಯದ 1990ರ ನಿರ್ದೇಶನವನ್ನು ಅನುಸರಿಸಿ ಬ್ರಿಟನ್ ರಚಿಸಿದ ನಿಯಮಗಳು 1993ರ ಜನವರಿ 1ರಿಂದ ಜಾರಿಗೆ ಬಂದುವು. ಅಪಾಯಕರವಾದ ಭಾರವನ್ನು ಕೈಯಿಂದ ಎತ್ತಿಸುವುದನ್ನು ಸಾಧ್ಯವಿದ್ದಷ್ಟೂ ತಪ್ಪಿಸುವುದು, ತಪ್ಪದಿದ್ದರೆ ಅಪಾಯವನ್ನು ಅಳೆದು ತಗ್ಗಿಸುವುದು ಕೆಲಸಕ್ಕಿಟ್ಟುಕೊಂಡವರ ಹೊಣೆಯಾಯಿತು. ಹೊರುವವನ ದೇಹ ಹೀಗೆ ಕಾನೂನಿನ ಕಣ್ಣಿಗೆ ಬಿದ್ದಿತು.

ಆದರೆ ತಕ್ಕಡಿ ಈಗ ಮತ್ತೊಂದು ಕಡೆಗೆ ವಾಲಿತು. ಕೆಲವು ಸಂಸ್ಥೆಗಳು ಕೈಯಿಂದ ಎತ್ತುವುದನ್ನೇ ನಿಷೇಧಿಸಿದುವು. ತೀವ್ರ ಅಂಗವೈಕಲ್ಯವುಳ್ಳ ಇಬ್ಬರು ಸೋದರಿಯರು ಈಸ್ಟ್ ಸಸೆಕ್ಸ್ ಕೌಂಟಿ ಆಡಳಿತದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಉಚ್ಚ ನ್ಯಾಯಾಲಯ 2003ರಲ್ಲಿ ತೀರ್ಪು ನೀಡಿತು. ರೋಗಿಯ ಮಾನ, ಆರೈಕೆ ಮಾಡುವವರ ಸುರಕ್ಷತೆ ಇವೆರಡನ್ನೂ ತೂಗಿನೋಡಬೇಕು, ಸಾರಾಸಗಟಾದ ನಿಷೇಧ ಸಲ್ಲದು ಎಂಬುದು ಅದರ ತಾತ್ಪರ್ಯ.

ಒಂದು ದೇಹದ ಹಿತಕ್ಕಾಗಿ ಮತ್ತೊಂದನ್ನು ಮರೆತಾಗಲೆಲ್ಲ ಅನ್ಯಾಯವಾಗಿದೆಯೆಂಬುದು ಈ ಚರಿತ್ರೆಯಿಂದ ವಿದಿತವಾಗುತ್ತದೆ. ಇಂತಹ ಸಾಧನಗಳನ್ನು ಬೆಲೆಕಟ್ಟುವಾಗ ಅವು ಎಷ್ಟು ಭಾರ ಎತ್ತಬಲ್ಲುವೆಂಬುದೊಂದೇ ಅಳತೆಯಾಗಲಾರದು. ಎರಡು ದೇಹಗಳಿಗೂ ಅವು ಸಲ್ಲಿಸುವ ನ್ಯಾಯವೇ ಸರಿಯಾದ ಅಳತೆಯೆಂದು ನಾವು ಭಾವಿಸುತ್ತೇವೆ.