ಮೆಲನೋಮದ ಮುನ್ನರಿವೂ ಒಂದು ಪಾಠಭೇದವೂ

ಚರ್ಮಕ್ಕೆ ಬಣ್ಣವನ್ನೀಯುವ ಜೀವಕಣಗಳಲ್ಲಿ ಹುಟ್ಟುವ ಮೆಲನೋಮವೆಂಬ ಅರ್ಬುದರೋಗವು ಯಾರನ್ನು ಉಳಿಸೀತು, ಯಾರನ್ನು ಕೊಂದೀತು ಎಂಬುದು ವೈದ್ಯರ ಹಳೆಯ ಪ್ರಶ್ನೆ. 1970ರಲ್ಲಿ ಅಮೆರಿಕದ ಅಲೆಗ್ಸಾಂಡರ್ ಬ್ರೆಸ್ಲೋ ಎಂಬವರು ಗಂತಿಯ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಳೆದು, ದಪ್ಪವು ಹೆಚ್ಚಿದಷ್ಟೂ ಅಪಾಯವು ಹೆಚ್ಚೆಂದು ತೋರಿಸಿದರು. ಆ ಅಳತೆಯು ಇಂದಿಗೂ ಪ್ರಮಾಣವಾಗಿದೆ.

2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ಸಂಶೋಧಕರು, ತಾವು ಪರೀಕ್ಷಿಸಿದ ಮೆಲನೋಮಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಲ್ಲಿ ಬಿ-ರಾಫ್ ಎಂಬ ಜೀನು ಕೆಟ್ಟಿರುವುದನ್ನು ಕಂಡರು. ಇದು ವಂಶದಿಂದ ಬಂದುದಲ್ಲ; ಗಂತಿಯಲ್ಲಿಯೇ ಉಂಟಾದುದು. ಹೆಚ್ಚಿನವುಗಳಲ್ಲಿ ವ್ಯತ್ಯಾಸವು ಒಂದೇ ಅಕ್ಷರದ್ದು. ಅದರಿಂದ ಪ್ರೋಟೀನಿನ 599ನೆಯ ಸ್ಥಾನವು ಮಾರ್ಪಡುವುದೆಂದು ಅವರು ಬರೆದರು. ಆಧಾರವಾಗಿಟ್ಟುಕೊಂಡ ಪ್ರತಿಯಲ್ಲಿ ಮೂರಕ್ಷರಗಳು ಬಿಟ್ಟುಹೋಗಿದ್ದುದು ಆಮೇಲೆ ತಿಳಿದು, ಆ ಸಂಖ್ಯೆಯನ್ನು 600 ಎಂದು ತಿದ್ದಲಾಯಿತು. ಹಳೆಯ ಓಲೆಗಳನ್ನು ಸಂಪಾದಿಸುವವರಿಗೆ ಇಂತಹ ತಿದ್ದುಪಡಿ ಹೊಸತಲ್ಲ.

ರೋಗವು ಬೇರೆ ಅಂಗಗಳಿಗೆ ಹಬ್ಬಿದವರಲ್ಲಿ ಈ ಭೇದವುಳ್ಳವರ ಆಯುಸ್ಸು ಉಳಿದವರಿಗಿಂತ ಕಡಿಮೆಯೆಂದು 2011ರಲ್ಲಿ ಆಸ್ಟ್ರೇಲಿಯದ ಅಧ್ಯಯನವೊಂದು ತಿಳಿಸಿತು. ಆದರೆ ಆ ಭೇದವನ್ನೇ ಗುರಿಯಾಗಿಟ್ಟ ಔಷಧವನ್ನು ಪಡೆದವರು ಹೆಚ್ಚು ಕಾಲ ಬದುಕಿದ್ದರು. ಅದೇ ವರ್ಷ ವೆಮುರಾಫೆನಿಬ್ ಎಂಬ ಅಂತಹ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅನೇಕರಲ್ಲಿ ರೋಗವು ಮರುಕಳಿಸಿತೆಂಬುದೂ ನಿಜವೇ. ಆದರೂ ಕೆಡುಕಿನ ಗುರುತೇ ಮದ್ದಿಗೆ ದಾರಿಯಾಯಿತು. ಆದಕಾರಣ ಜೀನಿನ ಬರಹವನ್ನು ಹಣೆಬರಹವೆಂದು ಓದಲಾಗದು. ಚಿಕಿತ್ಸೆಯು ಬದಲಾದಂತೆ ಅದರ ಅರ್ಥವೂ ಬದಲಾಗುತ್ತದೆ.